ಕಾಲೇಜಿನ ಗಂಟೆಗೆ ಬೇರೆ ಹೆಸರು

ಧೈರ್ಯವಂತರ ಸಾಲಿನಲ್ಲಿ ನಾನು ಎಂದೂ ನಿಂತವನಲ್ಲ. ಹಲ್ಲಿ, ಹಾವು, ಹೆಡ್ಮಾಸ್ತರು ಎಲ್ಲಕ್ಕೂ ಹೆದರಿ ಮುಗಿಸಿದ ಮೇಲೆ ಕಂಪ್ಯೂಟರಿಗೆ ಹೆದರುವುದನ್ನೇ ಉದ್ಯೋಗ ಮಾಡಿಕೊಂಡೆ. ತುಮಕೂರಿನ ಸಣ್ಣ ಅಂಗಡಿಯೊಂದರಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಿದ್ದ ಕಾಲ ಅದು. ಕ್ಯಾತ್ಸಂದ್ರದ ಕಾಲೇಜೊಂದಕ್ಕೆ ಹೊತ್ತುಹೊತ್ತಿಗೆ ಕರೆಂಟ್ ಗಂಟೆ ತಾನೇ ಹೊಡೆಯುವಂತೆ ಮಾಡಿಕೊಟ್ಟಿದ್ದೆ. ವಿಂಡೋಸ್‌ನಲ್ಲಿ ಅದು ಸುಖವಾಗಿಯೇ ಇತ್ತು. ಅಷ್ಟರಲ್ಲಿ ಕಾಲೇಜಿನ ಆಫೀಸಿಗೆ ವಿಂಡೋಸ್ ಇಲ್ಲದ ಲಿನಕ್ಸ್ ಮೆಷಿನ್ನೊಂದು ಬಂತು. "ಒಂದೇ ಪ್ರೋಗ್ರಾಂ ಎರಡ್ರಲ್ಲೂ ಓಡ್ಬೇಕು ಕಣ್ರೀ, ಪರೀಕ್ಷೆ ಒಳಗೆ ಆಗ್ಬೇಕು" ಎಂದರು ಪ್ರಿನ್ಸಿಪಾಲರು. ಇಲ್ಲ ಎನ್ನಲು ಹೆದರಿ ಒಪ್ಪಿಕೊಂಡೆ.

ಬೇರೆಯವರು ಬರೆದಿಟ್ಟ, ಎರಡೂ ಕಡೆ ಸಲ್ಲುವ ಹೊಸ ಪ್ರೋಗ್ರಾಂ ಲೈಬ್ರರಿ ಹಾಕಿ, ಮೆಷಿನ್ನಿನ ಭಾಷೆಗೆ ಕಂಪೈಲ್ ಮಾಡಿದೆ. ಎರರ್ ಇಲ್ಲ, ವಾರ್ನಿಂಗ್ ಒಂದಿತ್ತು. ಓದಿದರೆ ಭಯವಾಗುತ್ತದೆಂದು ಓದಲಿಲ್ಲ. ಮರುದಿನ ಗುಮಾಸ್ತ ರಂಗಸ್ವಾಮಿ ಪ್ರೋಗ್ರಾಂ ತೆರೆದದ್ದೇ ತಡ, ಗಂಟೆ ಹೊಡೆಯಿತು. ಪಾಠದ ನಡುವೆಯೇ ಹುಡುಗರೆಲ್ಲ ಎದ್ದು ತಟ್ಟೆ ಇಡ್ಲಿ ಹೋಟೆಲಿನತ್ತ ಓಡಿದರು. "ಪರೀಕ್ಷೇಲಿ ಹಿಂಗೆ ಮಧ್ಯಕ್ಕೇ ಹೊಡುದ್ರೆ ಪೇಪರ್ ಕಿತ್ಕೊಂಡ್ಬುಡ್ತಾರೆ ಸಾರ್. ಮಕ್ಳ ಗತಿ ಏನು?" ಎಂದ ರಂಗಸ್ವಾಮಿ.

ಆಗ ವಾರ್ನಿಂಗ್ ಓದಿದೆ. ಗಂಟೆ ಹೊಡೆಯುವ ಸಾಲುಗಳ ಕಟ್ಟಿಗೆ, ಎಂದರೆ ಮೆಥಡ್‌ಗೆ ನಾನು ಸ್ಟಾರ್ಟ್ ಎಂದು ಹೆಸರಿಟ್ಟಿದ್ದೆ. ಹೊಸ ಲೈಬ್ರರಿಯಲ್ಲಿ ನನ್ನ ಪ್ರೋಗ್ರಾಂಗೆ ಅಪ್ಪನ ಸ್ಥಾನದಲ್ಲಿದ್ದ ಪೇರೆಂಟ್ ಕ್ಲಾಸಿನಲ್ಲೂ ಸ್ಟಾರ್ಟ್ ಎಂಬುದೊಂದು ಇತ್ತು. ಪ್ರೋಗ್ರಾಂ ತೆರೆದಾಗಲೆಲ್ಲ ಲೈಬ್ರರಿ ಅದನ್ನು ಕರೆಯುತ್ತದೆ. ಹೆಸರು ಒಂದೇ ಆದ್ದರಿಂದ ನನ್ನದು ಅದನ್ನು ಓವರ್‌ರೈಡ್ ಮಾಡಿ, ಎಂದರೆ ಪಕ್ಕಕ್ಕೆ ತಳ್ಳಿ, ತಾನೇ ಎದ್ದು ಬಂದು ಗಂಟೆ ಹೊಡೆಯುತ್ತಿತ್ತು.

ಪರಿಹಾರ ಹೊಳೆದದ್ದು ಗುಬ್ಬಿಯ ನಮ್ಮ ಮನೆಯಲ್ಲಿ, ಊಟದ ಹೊತ್ತಿಗೆ. ನನ್ನ ಮಗನಿಗೆ ಅಪ್ಪನ ಹೆಸರಿಟ್ಟಿದ್ದೇವೆ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ, ಆ ಹೆಸರು ಹಿಡಿದು ಬೈಯುವುದಂತೂ ದೂರದ ಮಾತು. ಅದಕ್ಕೇ ಹೆಂಡತಿ ಅವನನ್ನು ಪುಟ್ಟ ಎನ್ನುತ್ತಾಳೆ. "ಏನ್ಲಾ ಪುಟ್ಟ, ಮುದ್ದೆ ಇನ್ನೂ ಹಂಗೇ ಐತಲ್ಲೋ" ಎಂದು ಅವಳು ಗದರಿದಳು. ಪಕ್ಕದಲ್ಲಿ ಅಪ್ಪ ನಿಶ್ಚಿಂತೆಯಾಗಿ ಉಣ್ಣುತ್ತಿದ್ದರು. ನನ್ನ ಮೆಥಡ್‌ಗೂ ಬೇರೆ ಹೆಸರಿಟ್ಟರಾಯಿತು ಎಂದುಕೊಂಡೆ. ಹೆಸರು ಬದಲಾಯಿಸಿ, ಅದನ್ನು ಕರೆಯುವ ಕಡೆಯೆಲ್ಲ ತಿದ್ದಿ ಕಂಪೈಲ್ ಮಾಡಿದೆ. ಈ ಸಲ ವಾರ್ನಿಂಗೂ ಬರಲಿಲ್ಲ. ಅದು ಇನ್ನೊಂದು ಬಗೆಯ ಹೆದರಿಕೆ.

ಪರೀಕ್ಷೆಯ ಬೆಳಿಗ್ಗೆ ನಾನೂ ಕಾಲೇಜಿಗೆ ಹೋಗಿ ನಿಂತೆ. ರಂಗಸ್ವಾಮಿ ಪ್ರೋಗ್ರಾಂ ತೆರೆದ. ಸದ್ದಿಲ್ಲ. ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಮಕ್ಕಳು ಒಳಗೆ ಕೂತರು, ಪ್ರಶ್ನೆಪತ್ರಿಕೆ ಹಿಡಿದು ಪ್ರಿನ್ಸಿಪಾಲರೂ ಒಳಗೆ ಹೋದರು, ಗಂಟೆ ಹೊಡೆಯುವ ಹೊತ್ತಾಯಿತು. ಆಗಲೂ ಸದ್ದಿಲ್ಲ. ಓಡಿಹೋಗಿ, ಅಂಗಳದ ಬೇವಿನ ಮರದಲ್ಲಿ ನೇತಾಡುತ್ತಿದ್ದ ಹಳೆಯ ರೈಲುಕಂಬಿಯ ತುಂಡಿಗೆ ಕಲ್ಲು ತೆಗೆದುಕೊಂಡು ಬಾರಿಸಿದೆ.

ಆಮೇಲೆ ನೋಡಿದರೆ, ಬೆಳಗಿನ ಗಂಟೆ ಹೊಡೆಸುವ ಸಾಲೊಂದರಲ್ಲಿ ಹಳೆಯ ಹೆಸರನ್ನೇ ಬಿಟ್ಟಿದ್ದೆ. ಆ ಕರೆ ನೆಟ್ಟಗೆ ಪೇರೆಂಟಿನ ಸ್ಟಾರ್ಟ್‌ಗೆ ಹೋಗಿತ್ತು. ಅದು ಓಗೊಟ್ಟು, ಗಂಟೆಯ ಗೋಜಿಗೇ ಹೋಗದೆ ಸುಮ್ಮನಾಗಿತ್ತು. ಆ ಹೆಸರಿನವರು ಮನೆಯಲ್ಲಿ ಇದ್ದೇ ಇದ್ದುದರಿಂದ ಕಂಪೈಲರಿಗೆ ತಕರಾರಿಲ್ಲ. ಸರಿಮಾಡುವುದು ಒಂದು ಸಾಲಿನ ಕೆಲಸ.

ಮಾಡೋಣವೆಂದು ಹೊರಟಾಗ ಪ್ರಿನ್ಸಿಪಾಲರು ನಗುತ್ತ ಎದುರಾದರು. "ನಿಮ್ ಪ್ರೋಗ್ರಾಂ ಹೊಡ್ದ ಬೆಳಗಿನ್ ಬೆಲ್ ಈಗ ಕೊನೇ ರೂಮಿನ್ ತನಕ ಕೇಳ್ತು ಕಣ್ರೀ. ಇನ್ನು ಅದನ್ನ ಮುಟ್ಟಕ್ಕೆ ಹೋಗ್ಬೇಡಿ" ಎಂದರು.

ಮುಟ್ಟಬೇಡಿ ಎಂದವರಿಗೆ ಎದುರಾಡುವ ಧೈರ್ಯ ಎಲ್ಲಿಂದ ತರಲಿ? ಪರೀಕ್ಷೆ ಮುಗಿಯುವವರೆಗೂ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಕಂಬಿ ಬಾರಿಸಿ ಬಂದೆ.