ನಾನೇ ಹೊಲಿದ ಹಾವು

ಬ್ಯಾಲರಾಟಿನ ಚಳಿಗೆ ನಾನು ಹೆದರುವ ಆಸಾಮಿಯಲ್ಲ. ಹೆದರುವವರು ನನ್ನ ಷಡ್ಡಕ ಮರ್ವಿನ್‌ನಂಥವರು. ನಮ್ಮಲ್ಲಿ ನಡುಚಳಿಗಾಲವಾದ ಜುಲೈ ಬಂತೆಂದರೆ ಮನೆಯ ಮೂಲೆಮೂಲೆಗೂ ಕೊಳವೆಯಲ್ಲಿ ಬಿಸಿಗಾಳಿ ಬಿಟ್ಟುಕೊಂಡು, ಚಡ್ಡಿಯಲ್ಲಿ ಕೂತು ಐಸ್‌ಕ್ರೀಮ್ ನೆಕ್ಕುವ ಜಾತಿ! ಗಂಡಸಾದವನು ಸೌದೆ ಒಲೆ ಹಚ್ಚಬೇಕು, ಬಾಗಿಲ ಸಂದಿಗೆ ಹಾವು ಇಡಬೇಕು. ಮುಗಿಯಿತು!

ಹಾವೆಂದರೆ ಬಟ್ಟೆ ಹಾವು. ಉದ್ದನೆಯ ಚೀಲಕ್ಕೆ ಏನಾದರೂ ತುಂಬಿ, ಗಾಳಿ ನುಗ್ಗದ ಹಾಗೆ ಬಾಗಿಲ ಬುಡಕ್ಕೆ ಮಲಗಿಸುವುದು. ಮರ್ವಿನ್ನನ ಹೆಂಡತಿ, ಅಂದರೆ ನನ್ನ ನಾದಿನಿ ಕೊರಾಲಿ, ಚರ್ಚಿನ ಸಂತೆಗೆಂದು ಇವನ್ನು ಹೊಲಿಯುತ್ತಾಳೆ. ಗುಂಡಿಯ ಕಣ್ಣು, ಕೆಂಪು ನಾಲಿಗೆ, ಕುತ್ತಿಗೆಗೆ ರಿಬ್ಬನ್ನು! ಹೊಟ್ಟೆಯೊಳಗೆ ಬರೀ ಹತ್ತಿ. ಜೋರಾಗಿ ಗಾಳಿ ಬೀಸಿದರೆ ಮೊದಲು ಓಡಿಹೋಗುವುದೇ ಆ ಹಾವು.

"ಈ ಸಲ ಹಾವು ನಾನೇ ಹೊಲೀತೀನಿ!" ಎಂದು ಘೋಷಿಸಿದೆ.

ನನ್ನ ಹೆಂಡತಿ ನೆರಿಡಾ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಅಂಗಿಗೆ ಗುಂಡಿ ಹಾಕು ಅಂದ್ರೆ ಅಂಗೀನ ಹಾಕ್ಕೊಂಡಿರೋ ಪ್ಯಾಂಟಿಗೆ ಸೇರಿಸಿ ಹೊಲಿದವನು ನೀನು."

"ಅದು ಅಭ್ಯಾಸ. ಇದು ಗಾಳಿಯ ಮೇಲೆ ಯುದ್ಧ!"

"ಸರಿ, ಗಾಳಿಗೆ ಒಳ್ಳೇದಾಗ್ಲಿ."

ಹಳೆಯ ಕಂದು ಪ್ಯಾಂಟಿನ ಕಾಲುಗಳನ್ನು ಜೇಬಿನ ಸಮೇತ ಕತ್ತರಿಸಿದೆ. ಹತ್ತಿ ತುಂಬಲು ನಾನೇನು ಕೊರಾಲಿಯೇ? ಕೋಳಿಗಳಿಗೆಂದು ತಂದಿಟ್ಟಿದ್ದ ಗೋಧಿಯನ್ನು ಜಡಿದು ಜಡಿದು ತುಂಬಿದೆ. ಹಾವೋ, ಮರದ ಕೊರಡೋ! ಒಂದನ್ನು ಗೋಡೆಯ ಗಾಳಿಕಿಂಡಿಗೆ ತುರುಕಿದೆ, ಇನ್ನೊಂದನ್ನು ಹಜಾರದ ಬಾಗಿಲಿಗೆಂದು ಇಟ್ಟುಕೊಂಡೆ. ಕಿಟಕಿಗಳ ಸುತ್ತ ಅಂಟುಪಟ್ಟಿ ಬಿಗಿದೆ. ಒಂದು ಸೊಳ್ಳೆ ಸೀನಿದರೂ ಆ ಸೀನು ಹೊರಗೆ ಹೋಗಬಾರದು, ಅಂಥ ಬಂದೋಬಸ್ತು!

ಇಂಥ ಸಾಧನೆಯನ್ನು ನೋಡುವವರು ಬೇಡವೇ? ಭಾನುವಾರ ಮಧ್ಯಾಹ್ನದ ಊಟಕ್ಕೆ ಷಡ್ಡಕ ದಂಪತಿಯನ್ನು ಕರೆದೆ. ಅಡುಗೆಮನೆಯ ಓವನ್ನಿನಲ್ಲಿ ಕುರಿಮರಿಯ ತೊಡೆ ಹದವಾಗಿ ಬೇಯುತ್ತಿತ್ತು. ನಾಲ್ವರೂ ಹಜಾರದಲ್ಲಿ ಸೌದೆ ಒಲೆಯ ಮುಂದೆ ಕೂತೆವು. ನಾನು ಬಾಗಿಲು ಹಾಕಿ, ಹಾವನ್ನು ಬೂಟುಗಾಲಿನಿಂದ ಒದ್ದು ಒದ್ದು ಸಂದಿಗೆ ಬಿಗಿದೆ.

"ಭಾವ, ಅದಕ್ಕೆ ಕಣ್ಣೇ ಇಲ್ವಲ್ಲ!" ಎಂದಳು ಕೊರಾಲಿ.

"ದುಡಿಯೋ ಹಾವಿಗೆ ಶೋಕಿ ಯಾಕಮ್ಮ?"

ಮರ್ವಿನ್ ಒಲೆಯನ್ನೇ ನೋಡುತ್ತಿದ್ದ. "ಲೈಲ್, ಇಷ್ಟು ಬಿಗಿಯಾಗಿ ಮುಚ್ಚಿದ್ರೆ ಒಲೆಗೆ ಉಸಿರಾಡೋಕೆ ಗಾಳಿ ಬೇಡ್ವೇನೋ?"

"ಕೊಳವೆ ಇಟ್ಕೊಂಡು ಬಾಳೋನಿಗೆ ಒಲೆ ವಿಷಯ ಏನಯ್ಯಾ ಗೊತ್ತು?" ಎಂದು ನಕ್ಕು, ಇನ್ನೊಂದು ಸೌದೆ ಹಾಕಲು ಒಲೆಯ ಬಾಗಿಲು ತೆಗೆದೆ.

ಭುಸ್ಸೆಂದು ಹೊಗೆ! ಚಿಮಣಿಯ ಕಡೆ ಹೋಗಬೇಕಾದದ್ದು ಸೀದಾ ನನ್ನ ಮೀಸೆಗೆ ಬಂತು. ಮೀಸೆಯಿಂದ ಮರ್ವಿನ್ನನ ಮೂಗಿಗೆ, ಅಲ್ಲಿಂದ ಸೂರಿಗೆ. ಒಲೆಯ ಬಾಗಿಲು ಮುಚ್ಚಿದರೂ ಅದರ ಸಂದುಗೊಂದುಗಳಿಂದ ಹೊಗೆ ಬರುತ್ತಲೇ ಇತ್ತು.

"ಬಾಗಿಲು ತೆಗಿ!" ನೆರಿಡಾ ಕಿರುಚಿದಳು.

ಹಿಡಿ ಹಿಡಿದು ಎಳೆದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಹಾವು ಅದರ ಬುಡಕ್ಕೆ ಬೆಣೆಯಾಗಿ ಕೂತಿತ್ತು. ಹಾವಿನ ಬಾಲ ಹಿಡಿದು ಜಗ್ಗಿದೆ. ನನ್ನ ಹೊಲಿಗೆ ಪರ್ರನೆ ಬಿಚ್ಚಿಕೊಂಡು ಗೋಧಿಯೆಲ್ಲ ಬಾಗಿಲಡಿಗೆ ಹರಿಯಿತು. ಬಾಗಿಲು ಮೊದಲು ಹಟ ಮಾಡುತ್ತಿತ್ತು, ಈಗ ಸತ್ಯಾಗ್ರಹಕ್ಕೇ ಕೂತಿತು!

ನೆರಿಡಾ ಪಕ್ಕದ ಮನೆಯ ವಿನಿಫ್ರೆಡಮ್ಮನಿಗೆ ಫೋನು ಮಾಡಿದಳು. "ಬೇಗ ಬನ್ನಿ! ಖೊಖ್... ಬಾಗಿಲಲ್ಲಿ ಖೊಖ್ ಖೊಖ್... ಹಾವು! ಹೊರಗೆ ಬರೋಕಾಗ್ತಿಲ್ಲ!"

"ಹಾವೇ? ಯಾವ ಬಣ್ಣ?"

"ಬಣ್ಣ ಕಟ್ಕೊಂಡು ಏನಾಗ್ಬೇಕು? ಕಂದು!"

"ಕಂದು ಹಾವಾ! ಅಯ್ಯೋ ದೇವರೇ! ಯಾರೂ ಅಲುಗಾಡಬೇಡಿ!" ಫೋನು ಕಟ್ಟಾಯಿತು. ನಮ್ಮ ಸೀಮೆಯಲ್ಲಿ ಕಂದು ಹಾವು ಕಚ್ಚಿದರೆ ನೀರು ಕೇಳುವುದಕ್ಕೂ ಪುರುಸೊತ್ತಿಲ್ಲ.

ಕಿಟಕಿ ತೆಗೆಯಲು ಹೋದರೆ ನನ್ನ ಅಂಟುಪಟ್ಟಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಐಸ್‌ಕ್ರೀಮ್ ನೆಕ್ಕುವ ನನ್ನ ಷಡ್ಡಕನೇ ಒಲೆ ಕೆದಕುವ ಕಬ್ಬಿಣದ ಸಲಾಕೆಯಿಂದ ಗಾಜು ಒಡೆದ. ನಾಲ್ಕು ತಲೆಗಳು ಹೊರಗೆ! ಜುಲೈ ತಿಂಗಳ ಚಳಿಯೆಲ್ಲ ಒಳಗೆ!

ಅಷ್ಟರಲ್ಲಿ ವಿನಿಫ್ರೆಡಮ್ಮ ಹಾವು ಹಿಡಿಯುವವಳನ್ನೇ ಕರೆತಂದಿದ್ದರು. ಮಂಡಿವರೆಗೂ ಬೂಟು, ಕೈಯಲ್ಲಿ ಕೊಕ್ಕೆ, ಹೆಗಲಲ್ಲಿ ಚೀಲ. ಹಿಂಬಾಗಿಲಿಂದ ಬಂದು, ಉಸಿರು ಬಿಗಿಹಿಡಿದು, ಬಾಗಿಲಡಿ ಕೊಕ್ಕೆ ತೂರಿಸಿ ಎಳೆದಳು. ಬಂತು ಪ್ಯಾಂಟಿನ ಕಾಲು, ಹಿಂದೆಯೇ ರಾಶಿ ಗೋಧಿ, ಅಂತೂ ಬಾಗಿಲೂ ತೆರೆಯಿತು. ತೆರೆದ ಹಿಂಬಾಗಿಲಿಂದ ನಮ್ಮ ಕೋಳಿಗಳೂ ಬಂಧುಬಳಗ ಸಮೇತ ದಿಬ್ಬಣ ಬಂದವು. ಅಡುಗೆಮನೆಯಲ್ಲಿ ಕುರಿಮರಿಯ ತೊಡೆ ಕರಕಲಾಗಿ, ಒಲೆಗೆ ಇನ್ನೊಂದು ಸೌದೆಯಾಗಲು ಸಿದ್ಧವಾಗಿತ್ತು.

ಹಾವು ಹಿಡಿಯುವವಳು ಪ್ಯಾಂಟಿನ ಕಾಲನ್ನು ಕೊಕ್ಕೆಯಲ್ಲಿ ತೂಗಾಡಿಸಿ ನೋಡಿದಳು. "ಜೇಬಿರೋ ಹಾವು ಇದೇ ಮೊದಲು ನೋಡ್ತಿರೋದು. ಯಾರು ಮಾಡಿದ್ದು?"

ಮೂರು ಬೆರಳುಗಳು ನನ್ನ ಕಡೆ ತಿರುಗಿದವು. ಯುದ್ಧಕ್ಕೆ ಹೊರಟ ಸೇನಾಧಿಪತಿ ಮಸಿಮೂತಿಯಲ್ಲಿ, ಕೋಳಿಗಳ ನಡುವೆ, ಗಡಗಡ ನಡುಗುತ್ತ ನಿಂತಿದ್ದ.

"ಪಾಪ, ಇಷ್ಟು ದೂರ ಬಂದಿದ್ದೀರಿ, ಬರೀ ಕೈಯಲ್ಲಿ ಹೋಗ್ಬೇಡಿ," ಎಂದಳು ನೆರಿಡಾ. "ಇವನನ್ನೇ ಚೀಲಕ್ಕೆ ಹಾಕ್ಕೊಂಡು ಹೋಗಿ ಎಲ್ಲಾದ್ರೂ ಕಾಡಿಗೆ ಬಿಟ್ಬಿಡಿ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೂ ಅಳೆದಳು. "ಈ ಚಳೀಲಿ ಬಿಟ್ರೆ ಬದುಕಲ್ಲ ಕಣಮ್ಮ. ಬೆಚ್ಚಗಿರೋ ಮೂಲೇಲಿಟ್ಟು, ಹೊತ್ತುಹೊತ್ತಿಗೆ ತಿನ್ನೋಕೆ ಹಾಕಿ, ಬಿಸಿಲು ಬರೋವರೆಗೂ ನೀವೇ ಸಾಕಬೇಕು."

"ಮದುವೆಯಾದಾಗಿಂದ ಅದೇ ಮಾಡ್ತಿದ್ದೀನಲ್ಲ!" ಎಂದಳು ನೆರಿಡಾ. "ಬಿಸಿಲೇ ಬರ್ಲಿಲ್ಲ!"