ಪೆಟ್ಟಿಗೆಯ ತಳದ ಸೀರೆ

ಎಲ್ಲಾ ಶುರುವಾದದ್ದು ಎಂಕಮ್ಮನ ಬಿಕ್ಕಳಿಕೆಯಿಂದ.

ಬೆಳಗ್ಗೆ ಏಳುವಾಗಲೇ ಹತ್ತಿಕೊಂಡಿತ್ತು. ನೀರು ಬತ್ತಿದ ಬೋರಿನ ಮೋಟರು ಗಾಳಿ ಎಳೆದಂತೆ, ಬಿಟ್ಟು ಬಿಟ್ಟು, ಮುದುಕಿಯ ಒಣ ಮೈಯನ್ನು ಮಂಚದಿಂದ ಗೇಣುದ್ದ ಎತ್ತಿ ಹಾಕುವ ಬಿಕ್ಕಳಿಕೆ. ಸೊಸೆ ಝಾನ್ಸಿ ನೀರು ಕುಡಿಸಿದಳು, ಸಕ್ಕರೆ ತಿನಿಸಿದಳು, ಬೆನ್ನು ತಿಕ್ಕಿದಳು. ಏನೂ ಆಗಲಿಲ್ಲ.

"ಬಿಡವ್ವ, ನಮ್ಮಣ್ಣ ನೆನಸಾಕ ಹತ್ಯಾನ," ಎಂದಳು ಎಂಕಮ್ಮ. ಅಣ್ಣ ಪೆದ್ದಯ್ಯ ಅಲಂಪುರದಲ್ಲಿ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. "ಕರಿಯಾಕ ಹತ್ಯಾನ. ಇನ್ನ ಹೊಂಡೋದ ಐತಿ."

ಝಾನ್ಸಿಗೂ ಅವತ್ತೇ ಹೊರಡುವುದಿತ್ತು, ಆದರೆ ಗದ್ವಾಲದವರೆಗೆ ಮಾತ್ರ. ತೆಲಂಗಾಣ ಗಡಿಯ ಮಕ್ತಲಿನ ಅವರ ಓಣಿಯ ಹೆಂಗಸರದೊಂದು ಕೌದಿ ಸಂಘ. ಹಳೇ ಸೀರೆ ಹರಿದು, ತುಂಡಿಗೆ ತುಂಡು ಕೂಡಿಸಿ, ಮಧ್ಯಾಹ್ನದ ಹೊತ್ತು ಕೌದಿ ಹೊಲಿದು ಇಲ್ಲದವರಿಗೆ ಕೊಡುತ್ತಿದ್ದರು. ಈ ಸಲ ಗದ್ವಾಲದ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ತೊಟ್ಟಿಲ ಕೌದಿಗಳು. ಸಂಘದ ಕಟ್ಟಳೆ ಒಂದೇ: ಪ್ರತಿ ಕೌದಿಯಲ್ಲೂ ಪ್ರತಿ ಮನೆಯ ಒಂದು ತುಂಡು ಇರಬೇಕು. ಒಂದು ಮನೆಯದು ಬಿಟ್ಟರೂ ಅದು ಕೌದಿಯಲ್ಲ, ಬರೀ ಅರಿವೆ.

ಝಾನ್ಸಿ ಆ ಸಂಘ ಸೇರಿದ್ದಕ್ಕೆ ಕಾರಣವಿತ್ತು. ಅವಳ ಮೊದಲ ಕೂಸು ಅದೇ ವಾರ್ಡಿನಲ್ಲಿ ಹುಟ್ಟಿ, ಅಲ್ಲೇ ಹೋಗಿತ್ತು. ಹೊದಿಸಲು ಮನೆಯಿಂದ ಏನೂ ಒಯ್ದಿರಲಿಲ್ಲ. ಗಂಡ ಮಹೇಂದರನ ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಮಹೇಂದರ ಈಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಅವನು ಹೆಗಲಿಗೆ ಟವೆಲು ಹಾಕಿದ್ದನ್ನು ಆಮೇಲೆ ಅವಳು ನೋಡಿಲ್ಲ.

ಅಂಥ ದಿನವೆಂದು ಅವಳು ಮದುವೆ ಸೀರೆ ಉಟ್ಟಿದ್ದಳು. ನಾರಾಯಣಪೇಟೆಯ ಮಗ್ಗದ್ದು, ಹಸಿರು ಮೈ, ಅರಿಶಿನ ಬಣ್ಣದ ಗುಡಿ ಅಂಚು. ಅತ್ತೆಮನೆಯವರು ಹಾಕಿದ್ದು. ಅದನ್ನು ಉಟ್ಟಾಗಲೆಲ್ಲ ಎಂಕಮ್ಮನ ಕಣ್ಣು ಅದರ ಮೇಲೇ. ನೆಲಕ್ಕೆ ಕೂಡ್ರಬೇಡ, ಎಣ್ಣೆ ಮುಟ್ಟಬೇಡ, ಮುಳ್ಳಿಗೆ ಸಿಗಿಸಬೇಡ ಎಂದು ಬೆನ್ನು ಹತ್ತುವಳು. ಮಗನನ್ನು ಪುಣೆಗೆ ಕಳಿಸುವಾಗಲೂ ಅಷ್ಟು ಜೋಪಾನ ಹೇಳಿರಲಿಲ್ಲ.

ಇವತ್ತೂ ಬಿಕ್ಕುತ್ತಲೇ ಅಂಚನ್ನು ಬೆರಳಿಂದ ಹಿಚುಕಿ ನೋಡಿದಳು. "ಸಂಜಿಗೆ ಬಂದ ಕೂಡ್ಲೆ ಬಿಚ್ಚಿ ಮಡಚಿಡು. ನಿನ್ನ ಕೂಡ ಒಂದು ಮಾತು ಆಡೋದೈತಿ."

ಅಷ್ಟರಲ್ಲಿ ಪಕ್ಕದ ಮನೆಯ ಬುಚ್ಚಮ್ಮ ಬಂದಳು. ಓಣಿಯಲ್ಲಿ ಯಾರು ಸತ್ತರೂ ಹಾಡಿ ಅಳುವವಳು ಅವಳೇ. ಹೀಗಾಗಿ ಯಾರಿಗೆ ಕೆಮ್ಮು ಬಂದರೂ ಮೊದಲು ಹಣಿಕಿ ಹಾಕುವವಳೂ ಅವಳೇ. ಎಂಕಮ್ಮನನ್ನು ಕಾಲಿಂದ ತಲೆಯವರೆಗೆ ಅಳೆದು, ಝಾನ್ಸಿಯನ್ನು ಒಳಗೆ ಎಳೆದಳು.

"ನಮ್ಮ ಮಾವಂಗೂ ಹಿಂಗ ಬಿಕ್ಕಳಿಕಿ ಹತ್ತಿತ್ತು. ಸಂಜಿಗೆ ಖಾಲಿ. ತವರಿನ ಸೀರಿ ತಗದು ಕೈಗೆ ಸಿಗೋಹಂಗ ಇಟ್ಟೀಯೇನು?"

ಅವರಲ್ಲಿ ಹೆಣ್ಣು ಸತ್ತರೆ ತವರಿನ ಸೀರೆ ಹೊದಿಸಿಯೇ ಎತ್ತಬೇಕು. ತಾನು ಮೊದಲು ಹೋದರೆ ತಂಗಿಗೆ ಯಾರು ತಂದಾರು ಎಂದು ಪೆದ್ದಯ್ಯ ಬಹಳ ಹಿಂದೆಯೇ ಆ ಸೀರೆ ತಂದುಕೊಟ್ಟಿದ್ದ. ಎಂಕಮ್ಮ ಅದನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. "ತಳದ ಗಂಟು ಮುಟ್ಟಿದರ ಕೈ ಕಡಿತೀನಿ" ಎನ್ನುವುದು ಮನೆಯ ಕಾನೂನು. ಒಳಗಿನ ಸೀರೆಯನ್ನು ಯಾರೂ ನೋಡಿರಲಿಲ್ಲ.

ಝಾನ್ಸಿ ಪೆಟ್ಟಿಗೆ ತೆರೆದು ತಳದವರೆಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಹರಕು ಕುಪ್ಪಸಗಳು. ಹೋದ ತಿಂಗಳು ಪೆಟ್ಟಿಗೆಗೆ ಗೆದ್ದಲು ಹತ್ತಿದಾಗ ಅವಳೇ ಎಲ್ಲ ಹೊರಗೆ ತೆಗೆದು, ಗಡಿಬಿಡಿಯಲ್ಲಿ ಯಾವ ಗಂಟು, ಒಳಗೆ ಯಾವ ಸೀರೆ ಎಂದು ನೋಡದೆ ಗಂಟಿನ ಅರಿವೆಯನ್ನೂ ಬಿಚ್ಚಿ ಒಗೆದು, ಬಿಸಿಲಿಗೆ ಹಾಕಿ, ಮತ್ತೆ ತುಂಬಿದ್ದಳು. ತುಂಬುವಾಗ ತಳದ್ದು ಮೇಲೆ ಬಂದಿತ್ತು, ಮೇಲಿನದು ತಳಕ್ಕೆ ಹೋಗಿತ್ತು. ಮರುದಿನ ಸಂಘದವರು ಸೀರೆ ಕೇಳಲು ಬಂದಾಗ, ಮೇಲೆ ಇದ್ದದ್ದೇ ಹಳೆಯದೆಂದು ಒಂದು ಕೆಂಪು ಸೀರೆ ತೆಗೆದುಕೊಟ್ಟಿದ್ದಳು. ಕೊಟ್ಟದ್ದಷ್ಟೇ ಅಲ್ಲ, ತಾನೇ ಕೂತು ಟರ್ ಟರ್ ಎಂದು ಹರಿದು ಹಂಚಿದ್ದಳು.

ಸಾವಿನ ಸೀರೆ, ತೊಟ್ಟಿಲ ಕೌದಿಗೆ.

"ಇಟ್ಟೀನಕ್ಕ," ಎಂದು ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕುಳಿತುಬಿಟ್ಟಳು.

ಹೊರಗೆ ಆಟೋ ಬಂದು ಹಾರನ್ ಹೊಡೆಯಿತು. ಎಂಕಮ್ಮನನ್ನು ಎದುರು ಮನೆಯವರಿಗೆ ಒಪ್ಪಿಸಿ ಝಾನ್ಸಿ ಬುಚ್ಚಮ್ಮನ ಜೊತೆ ಹತ್ತಿದಳು. ಒಳಗೆ ಹೆಂಗಸರು ಹುಣಸೆಹಣ್ಣಿನ ಉಂಡೆಯಂತೆ ಒತ್ತಿಕೊಂಡಿದ್ದರು. ನಡುವೆ ಕೌದಿಗಳ ಗಂಟು. ಸಂಘದ ಮುಖ್ಯಸ್ಥೆ ಹನುಮಮ್ಮ ಕೊರಳಲ್ಲಿ ತಾಳಿಯ ಜೊತೆ ಒಂದು ದಾರಕ್ಕೆ ಕತ್ತರಿಯನ್ನೂ ಕಟ್ಟಿಕೊಂಡಿದ್ದಳು. ಗಂಡನಿಗಿಂತ ಕತ್ತರಿಗೇ ಹೆಚ್ಚು ಮರ್ಯಾದೆ ಎಂದು ಓಣಿಯಲ್ಲಿ ಮಾತು.

ಅಮರಚಿಂತ ದಾಟುವವರೆಗೆ ಝಾನ್ಸಿ ಉಸಿರು ಹಿಡಿದು ಕೂತಳು. ಗಂಟಿನಿಂದ ಒಂದು ಕೆಂಪು ತುಂಡು ಹೊರಗೆ ಇಣುಕಿ ಅವಳನ್ನೇ ನೋಡುತ್ತಿತ್ತು. ತಡೆಯಲಾಗದೆ ಬುಚ್ಚಮ್ಮನ ಕಿವಿಯಲ್ಲಿ ಹೇಳಿದಳು. "ಯಾರಿಗೂ ಹೇಳಬ್ಯಾಡಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

"ನಾ ಯಾಕ ಹೇಳಲಿ? ಮೈಲಾರಲಿಂಗನ ಆಣಿ," ಎಂದು ಬುಚ್ಚಮ್ಮ ಮೊದಲು ಎದೆ ಮುಟ್ಟಿಕೊಂಡಳು, ಆಮೇಲೆ ಬಾಯಿ ಬಡಿದುಕೊಂಡಳು. "ಅಯ್ಯಯ್ಯೋ! ಕೂಸುಗಳಿಗೆ ಹೆಣದ ಸೀರಿ ಹೊಚ್ಚಾಕ ಹೊಂಟೀವಲ್ರೇ!"

ಆಟೋದೊಳಗೆ ಬೆಂಕಿ ಬಿದ್ದಂತಾಯಿತು. ಗಂಟಿಗೆ ಕಾಲು ತಾಗಿಸಿದ್ದವರೆಲ್ಲ ಕಾಲು ಎತ್ತಿಕೊಂಡರು. ಎತ್ತಿದ ಕಾಲು ಇಡಲು ಜಾಗವಿಲ್ಲದೆ ಡ್ರೈವರ್ ನರೇಂದರನ ಬೆನ್ನಿಗೆ ಇಟ್ಟರು.

"ಏಮಯ್ಯಿಂದಮ್ಮಾ!" ಏನಾಯಿತೆಂದು ತೆಲುಗಿನಲ್ಲಿ ಕೂಗಿ ಅವನು ಬ್ರೇಕ್ ಹಾಕಿದ್ದು ಜೂರಾಲ ಅಣೆಕಟ್ಟಿನ ಹತ್ತಿರ.

"ಎಲ್ಲಾ ಹೊಳಿಗೆ ಹಾಕೂಣು," ಎಂದಳು ಒಬ್ಬಳು.

"ಹಾಕಿದರ ಆಸ್ಪತ್ರ್ಯಾಗ ಏನು ಕೊಡ್ತಿ, ನಿನ್ನ ಮಾರಿ? ಕೆಂಪುದಷ್ಟ ಕತ್ತರಿಸಿ ತಗೀರಿ," ಎಂದಳು ಹನುಮಮ್ಮ.

ರಸ್ತೆ ಪಕ್ಕದ ಮರದ ನೆರಳಿಗೆ ಕೂತು ಒಂದೊಂದೇ ಕೌದಿ ಬಿಡಿಸಿದರು. ಕಟ್ಟಳೆಯ ಪ್ರಕಾರ ಒಂದನ್ನೂ ಬಿಡದೆ ಎಲ್ಲದರಲ್ಲೂ ಅಂಗೈ ಅಗಲದ ಕೆಂಪು ತುಂಡು. ಹನುಮಮ್ಮನ ಕತ್ತರಿ ಕಚಕ್ ಕಚಕ್ ಎಂದಿತು. ಪ್ರತಿ ಕೌದಿಗೂ ಒಂದು ಕಣ್ಣು ಕಿತ್ತಂತಾಯಿತು.

ಕೆಂಪು ತುಂಡುಗಳನ್ನು ಸುಮ್ಮನೆ ಎಸೆಯುವುದು ಹೇಗೆ? ಅದು ಸಾವಿನ ಸೀರೆ. ಸೊಂಟದ ಚೀಲದಿಂದ ಒಬ್ಬಳು ಮೈಲಾರಲಿಂಗನ ಭಂಡಾರದ ಅರಿಶಿನಪುಡಿ ತೆಗೆದು ಮೇಲೆ ಉದುರಿಸಿದಳು. ತುಂಡುಗಳು ಕೃಷ್ಣೆಗೆ ಬಿದ್ದವು. ನೀರಿನಲ್ಲಿ ಏನಾದರೂ ತೇಲಿಹೋಗುವುದನ್ನು ಕಂಡರೆ ಬುಚ್ಚಮ್ಮನ ಗಂಟಲು ತಾನೇ ಬಿಚ್ಚಿಕೊಳ್ಳುತ್ತದೆ. "ಎಂಕಮ್ಮಾ, ನಮ್ಮವ್ವಾ, ಹೊಂಟೆಲ್ಲಾ! ಉಡೋ ಸೀರಿ ಮುಂದ ಹೋತು, ನೀ ಹಿಂದ ಉಳದೆಲ್ಲಾ!" ಎಂದು ರಾಗ ತೆಗೆದಳು. ಉಳಿದವರ ಕಣ್ಣಲ್ಲೂ ನೀರು ಬಂತು. ಗಂಡ, ಮಗ, ಅಣ್ಣ, ತಮ್ಮ, ಯಾರು ಯಾರನ್ನು ಕಳೆದುಕೊಂಡಿದ್ದರೋ ಅವರ ಸಲುವಾಗಿ ಅತ್ತರು. ಝಾನ್ಸಿ ಅತ್ತದ್ದು ಯಾರ ಸಲುವಾಗಿ ಎಂದು ಯಾರೂ ಕೇಳಲಿಲ್ಲ.

ಬೈಕಿನ ಮೇಲೆ ಹೊರಟಿದ್ದ ಮಕ್ತಲಿನವನೊಬ್ಬ ನಿಂತು, ಕೇಳಿಸಿಕೊಂಡು, ಟೋಪಿ ತೆಗೆದು ಕೈ ಮುಗಿದು, ಬೈಕು ತಿರುಗಿಸಿಕೊಂಡು ವಾಪಸ್ಸು ಹೋದ. ಅಳುವವರಾರೂ ಅವನನ್ನು ಗಮನಿಸಲಿಲ್ಲ.

"ಇನ್ನ ಈ ತೂತು?" ಎಂದು ಕೇಳಿದಳು ಬುಚ್ಚಮ್ಮ, ಮೂಗು ಒರೆಸಿಕೊಳ್ಳುತ್ತ. "ನನ್ನ ಸೆರಗಿಂದ ಹರೀರಿ."

"ನಿಂದು ಮೊದಲ ಐತಲ್ಲ ಇದ್ರಾಗ. ಹೋದದ್ದು ಝಾನ್ಸಿ ಮನೀ ತುಂಡು. ಝಾನ್ಸಿ ಮನೀದ ಬರಬೇಕು. ಕಟ್ಟಳಿ ಕಟ್ಟಳೀನ," ಎಂದು ಹನುಮಮ್ಮ ಝಾನ್ಸಿಯತ್ತ ತಿರುಗಿದಳು. ಝಾನ್ಸಿ ಮನೆಯದೆಂದು ಅಲ್ಲಿ ಇದ್ದದ್ದು ಝಾನ್ಸಿಯ ಮೈಮೇಲೆ ಇದ್ದದ್ದೊಂದೇ.

"ಹನುಮಕ್ಕ, ಇದು ನನ್ನ ಮದಿವಿ ಸೀರಿರಿ…"

"ಮದಿವಿ ಸೀರಿ ಅಂದ್ರ ಇನ್ನಾ ಚಲೋ ಆತು. ಶುಭದ್ದು. ಅಪಶಕುನದ ತೂತಿಗೆ ಶುಭದ ತೇಪಿ. ನಿಂದ ತಪ್ಪು, ನಿಂದ ಸೆರಗು."

ಝಾನ್ಸಿಗೆ ಆ ಟವೆಲು ಕಣ್ಣ ಮುಂದೆ ಬಂತು. "ಕತ್ತರಸ್ರಿ," ಎಂದಳು.

ಸೆರಗು ಹೋಯಿತು. ಅದರ ಅರಿಶಿನ ಗುಡಿಗಳೆಲ್ಲ ಒಂದೊಂದಾಗಿ ಕೌದಿಗಳ ಮೇಲೆ ಹೋಗಿ ಕೂತವು. ಸೂಜಿಗಳು ಓಡಿದವು. ನರೇಂದರ್ "ಲೇಟ್ ಅವುತುಂದಕ್ಕಾ" ಎಂದು ಸುತ್ತಲೂ ಕೋಳಿಯಂತೆ ತಿರುಗಿದ, ಕಡೆಗೆ ತಾನೂ ಸೂಜಿಗೆ ದಾರ ಪೋಣಿಸಿಕೊಡುತ್ತ ಕೂತ. ಮೊಂಡು ಸೀರೆಯನ್ನು ಪಿನ್ನಿನಿಂದ ಹೆಗಲಿಗೆ ಸಿಗಿಸಿ, ಮೇಲೆ ನರೇಂದರನ ಟವೆಲು ಹೊದ್ದು ಝಾನ್ಸಿ ಗದ್ವಾಲ ಮುಟ್ಟಿದಳು.

ವಾರ್ಡಿನಲ್ಲಿ ಫೋಟೋ ಆಯಿತು. ಹನುಮಮ್ಮ ಮುಂದೆ, ಕೌದಿ ಅವಳ ಮುಂದೆ, ಉಳಿದವರು ಇದ್ದಾರೋ ಇಲ್ಲವೋ ಎಂಬಂತೆ ಹಿಂದೆ. ಮೂಲೆಯ ಮಂಚದಲ್ಲಿ ಮೈಸಮ್ಮ ಎಂಬ ಬಾಣಂತಿ. ಅವಳ ಪಕ್ಕದಲ್ಲಿ ಹತ್ತಿಕಾಯಿಯಷ್ಟು ಸಣ್ಣ ಕೂಸು, ಅಳುವುದಕ್ಕೂ ಶಕ್ತಿ ಇಲ್ಲದ್ದು. ಝಾನ್ಸಿ ತಾನೇ ಹೊದಿಸಿದಳು. ಕೂಸಿನ ಮುಷ್ಟಿ ಹಸಿರು ತೇಪೆಯ ಮೇಲೆ ಬಿತ್ತು, ಅಲ್ಲೇ ನಿಂತಿತು.

"ಯಾರ ಸೀರಿ ಅಕ್ಕ ಇದು? ಭಾಳ ಮೆತ್ತಗೈತಿ," ಎಂದಳು ಮೈಸಮ್ಮ.

"ನಂದು. ಮದಿವೀದು."

"ನಿನ್ನ ಸೀರೀ ಗುಣ ನನ್ನ ಕೂಸಿಗೆ ಬರಲಿ."

"ಬರ್ತೈತಿ," ಎಂದಳು ಝಾನ್ಸಿ. ಬೆಳಗ್ಗಿನಿಂದ ಮೊದಲ ಸಲ ಅವಳ ಉಸಿರು ಪೂರಾ ಒಳಗೆ ಹೋಯಿತು. ಒಂದು ಸೀರೆ ಹೋಯಿತು, ಹೋಗಲಿ. ಅತ್ತೆಯ ಕಾಲಿಗೆ ಬಿದ್ದು ನಿಜ ಹೇಳಿಬಿಟ್ಟರೆ ಮುಗಿಯಿತು.

ಸಂಜೆ ಆಟೋ ಓಣಿಗೆ ತಿರುಗಿದಾಗ ಮನೆ ಮುಂದೆ ಜನ. ಗೋಡೆಗೆ ಹಸಿ ಬಿದಿರು ಒರಗಿಸಿತ್ತು. ಕುಂಬಾರನ ಮಡಕೆಯೂ ಬಂದಿತ್ತು.

"ಹೋದಳಲ್ಲೋ!" ಎಂದು ಬುಚ್ಚಮ್ಮ ಆಟೋ ನಿಲ್ಲುವ ಮೊದಲೇ ಹಾರಿ, ಅಳುವುದಕ್ಕೆ ಬಾಯಿ ತೆರೆದಳು.

ಜನರ ನಡುವೆ ಮಂಚದ ಮೇಲೆ ಎಂಕಮ್ಮ ಚಹಾ ಕುಡಿಯುತ್ತಿದ್ದಳು.

"ಬಾ ಬುಚ್ಚಿ. ಜೂರಾಲದಾಗ ನನ್ನ ಮ್ಯಾಲೆ ಹಾಡು ಕಟ್ಟಿ ಅತ್ತೀಯಂತಲ್ಲ? ಇಲ್ಲೊಮ್ಮೆ ಹಾಡು, ನಾನೂ ಕೇಳ್ತೀನಿ. ಬೈಕಿನಾಂವ ಬಂದು ಹೇಳಿದ್ದಕ್ಕ ಇವರೆಲ್ಲಾ ಬಿದರು ತಂದಾರ. ಆ ಬಿದರು ನೋಡಿದ ಕೂಡ್ಲೆ ಬಿಕ್ಕಳಿಕಿ ಎಲ್ಲಿ ಓಡಿಹೋತೋ ಏನೋ!"

ಝಾನ್ಸಿ ಓಡಿಹೋಗಿ ಕಾಲು ಹಿಡಿದಳು. "ಅತ್ತಿ, ತಪ್ಪಾತ್ರಿ. ಪೆಟಿಗಿ ತಳದಾಗಿನ ನಿಮ್ಮ ತವರಿನ ಸೀರಿ, ಆ ಕೆಂಪುದು, ಗೊತ್ತಿಲ್ದ ಕೌದಿಗೆ ಕೊಟ್ಟುಬಿಟ್ಟೆ. ಹೊಳಿಗೆ ಹೋತು."

"ಕೆಂಪುದಾ? ಹೋಗಲಿ ಬಿಡು," ಎಂದಳು ಎಂಕಮ್ಮ. "ಅದು ಸಂತ್ಯಾಗ ತಂದದ್ದು. ಗಂಟು ಖಾಲಿ ಕಾಣಬಾರದಂತ ಇಟ್ಟಿದ್ದೆ."

ಝಾನ್ಸಿ ತಲೆ ಎತ್ತಿದಳು.

"ಇದನ್ನ ಹೇಳಬೇಕಂತಲೇ ಬೆಳಿಗ್ಗೆ ಮಾತೈತಿ ಅಂದಿದ್ದೆ. ನಿನ್ನ ಮದಿವ್ಯಾಗ ನಾರಾಯಣಪ್ಯಾಟಿ ಮಗ್ಗದವರ ಮನ್ಯಾಗ ಸಾವಾಗಿ ಮಗ್ಗ ನಿಂತುಬಿಡ್ತು. ಹೇಳಿದ ಸೀರಿ ಬರಲಿಲ್ಲ. ಮುಹೂರ್ತಕ್ಕ ಬರೀಗೈಲೆ ಹೆಂಗ ಹೋಗೋದು? ಅಣ್ಣ ಕೊಟ್ಟ ತವರಿನ ಸೀರಿನೂ ನಾರಾಯಣಪ್ಯಾಟೀದ ಇತ್ತು, ಅದನ್ನ ತಗದು, ಅರಿಶಿನ ಹಚ್ಚಿ ನಿನಗ ಹಾಕಿದೆ. ಉಡ್ಲಿ, ನಾ ಹೋಗೋ ಹೊತ್ತಿಗೆ ಇಸಗೊಂಡರಾತು ಅಂದ್ಕೊಂಡೆ. ಅದಕ್ಕ ಅಷ್ಟು ಜ್ವಾಪಾನ, ಜ್ವಾಪಾನ ಅಂತಿದ್ದೆ." ಮುದುಕಿ ಲೋಟ ಕೆಳಗಿಟ್ಟು ಕೈ ಚಾಚಿದಳು. "ನನ್ನ ಸಾವಿನ ಸೀರಿ ನಿನ್ನ ಮೈಮ್ಯಾಲೇನ ಐತಿ ತಾಯಿ. ಈಗ ಅಣ್ಣನೂ ಇಲ್ಲ, ಇನ್ನೊಂದು ತರಾಕ. ಬಿಚ್ಚಿ ಒಗದು ಮಡಚಿಡು… ಇದ್ಯಾರ ಟವೆಲ್ಲು? ಸೆರಗು ಎಲ್ಲೈತಿ?"

ಅಳುವುದಕ್ಕೆ ತೆರೆದಿದ್ದ ಬುಚ್ಚಮ್ಮನ ಬಾಯಿ ತೆರೆದೇ ಇತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅದರಿಂದ ಏನೂ ಹೊರಡಲಿಲ್ಲ. ಹನುಮಮ್ಮ ಕತ್ತರಿಯನ್ನು ಮೆಲ್ಲಗೆ ಕುಪ್ಪಸದೊಳಗೆ ಇಳಿಬಿಟ್ಟಳು.

ಝಾನ್ಸಿ ಏನೋ ಹೇಳಲು ಹೋದಳು. ಹಸಿರು ತೇಪೆಯ ಮೇಲೆ ನಿಂತ ಆ ಮುಷ್ಟಿ ಕಣ್ಣಿಗೆ ಕಟ್ಟಿತು. ಹೊಟ್ಟೆಯ ತಳದಿಂದ ಒಂದು ಬಿಕ್ಕಳಿಕೆ ಎದ್ದು, ಇಡೀ ಮೈಯನ್ನು ಎತ್ತಿ ಹಾಕಿತು. ಅದರ ಹಿಂದೆ ಇನ್ನೊಂದು.

"ನೀರು ಕುಡಿಯವ್ವ," ಎಂದಳು ಎಂಕಮ್ಮ, ಬೆನ್ನು ಸವರುತ್ತ. "ಯಾರೋ ನಿನ್ನ ನೆನಸಾಕ ಹತ್ಯಾರ."