ಎಲ್ಲ ಸೇರಿಸಿಟ್ಟ ಡಿಸ್ಕು

ಕಂಪ್ಯೂಟರ್ ರಿಪೇರಿಯವನೆಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ತಲೆ ಚುರುಕಿರಬೇಕು, ಬೆರಳು ಪಟಪಟ ಓಡಬೇಕು ಎಂದೆಲ್ಲ. ಆಲೂರಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿಕೊಂಡಿರುವ ನಾನು ನಿಮ್ಮ ಹತ್ತಿರ ನಿಜ ಹೇಳಿಬಿಡುತ್ತೇನೆ. ಇದರಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂತು ಕಾಯುವುದು. ಕಂಪ್ಯೂಟರಿಗೆ ಡಿಸ್ಕಿನಿಂದ ಹೊಸದಾಗಿ ಸಿಸ್ಟಂ ಹಾಕುವುದು ಅರ್ಧ ಗಂಟೆಯ ಕೆಲಸ. ಅಪ್‌ಡೇಟ್ ಶುರುವಾಗುವುದು ಆಮೇಲೆ. ಡಿಸ್ಕು ತಯಾರಾದ ನಂತರ ಮಾಡಿದ ತಿದ್ದುಪಡಿಗಳೆಲ್ಲ ಇಂಟರ್‌ನೆಟ್ಟಿನಿಂದ ಒಂದೊಂದಾಗಿ ಇಳಿದು ಬರಬೇಕು. ಹೆತ್ತೂರು ಕಡೆಯ ಕಾಫಿ ಎಸ್ಟೇಟುಗಳಲ್ಲಂತೂ ಮೊಬೈಲನ್ನು ಆಫೀಸಿನ ಕಿಟಕಿಯ ಸರಳಿಗೆ ಕಟ್ಟಿದರೆ ಮಾತ್ರ ಸಿಗ್ನಲ್. ಬೆಳಿಗ್ಗೆ ಹೋದವನು ಸಂಜೆ ಎದ್ದರೆ ಅದೃಷ್ಟ.

ಇನ್ನೊಂದು ನಿಜವನ್ನೂ ಹೇಳುತ್ತೇನೆ. ಈ ಕಾಯುವುದು ನನಗೆ ಬಹಳ ಹಿಡಿಸಿತ್ತು. ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಕೂತವರನ್ನು ಒಂದೇ ಕಾಫಿಗೆ ಬಿಡುವ ಪದ್ಧತಿಯೂ ಇಲ್ಲ. ಅಪ್‌ಡೇಟ್ ಮೂವತ್ತು ಪರ್ಸೆಂಟ್ ಆಗುವಾಗ ಒಂದು ಲೋಟ, ಅರವತ್ತಕ್ಕೆ ಇನ್ನೊಂದು, ತೊಂಬತ್ತರ ಹತ್ತಿರ ಅಕ್ಕಿರೊಟ್ಟಿ, ಕಾಯಿಚಟ್ನಿ. ಮಗ್ಗೆಯ ಗೊಬ್ಬರದಂಗಡಿಯಲ್ಲಿ ಕೊಡುವ ಬೆಲ್ಲದ ಕಾಫಿಯ ವಿಷಯ ನಾನು ಹೇಳಲೇಬಾರದು, ಹೇಳಲು ಶುರುಮಾಡಿದರೆ ಪುಟ ಸಾಲದು. ಹೀಗೆ ಸುಖವಾಗಿದ್ದವನ ರಕ್ತ ಪರೀಕ್ಷೆ ಮಾಡಿಸಿದ ಹಾಸನದ ಡಾಕ್ಟರು, ರಿಪೋರ್ಟನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ, "ಏನ್ರೀ, ಸ್ವೀಟ್ ಅಂಗಡಿ ಇಟ್ಟಿದ್ದೀರಾ?" ಎಂದು ಕೇಳಿದರು.

ನನ್ನ ಹೆಂಡತಿ ಗಿರಿಜೆ ಅಂದಿನಿಂದ ಎರಡು ಕೆಲಸ ಮಾಡಿದಳು. ಮೊದಲನೆಯದು, ನಾನು ಹೊರಗೆ ಕಾಯುವುದನ್ನೇ ತಪ್ಪಿಸುವ ದಾರಿ ಹುಡುಕಿದ್ದು. "ಅಲ್ಲಾ ಕಣ್ರೀ, ಅದೇನೋ ಅಪ್‌ಡೇಟು ಅಂತೀರಲ್ಲ, ಮನೇಲೇ ಎಲ್ಲಾ ಸೇರಿಸ್ಕೊಂಡು ಹೋಗಕ್ಕೆ ಆಗಲ್ವಾ? ನಾನು ಅಕ್ಕನ ಮನೆಗೆ ಹೋಗ್ವಾಗ ಮೆಣಸಿನಕಾಯಿ, ಕೊತ್ತಂಬರಿ ಬೇರೆಬೇರೆ ಹೊತ್ಕೊಂಡು ಹೋಗ್ತೀನಾ? ಪುಡಿ ಮಾಡ್ಕೊಂಡೇ ಹೋಗಲ್ವಾ?" ಎಂದಳು. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ ಎಂದಲ್ಲ. ಹೊಳೆಯದಂತೆ ನೋಡಿಕೊಂಡಿದ್ದೆ.

ಬೇರೆ ದಾರಿಯಿಲ್ಲದೆ ಕೂತೆ. ಮನೆಯ ಕಂಪ್ಯೂಟರಿಗೇ ಎಲ್ಲ ಅಪ್‌ಡೇಟುಗಳನ್ನು ತುಂಬಿಸಿ, ಪ್ರಿಂಟರಿಗೆ ಬೇಕಾದದ್ದು, ಕನ್ನಡ ಟೈಪಿಂಗು ಎಲ್ಲ ಸೇರಿಸಿ, ಅದು ಹೇಗಿತ್ತೋ ಹಾಗೇ ಡಿಸ್ಕಿಗೆ ಇಳಿಸುವುದೆಂದು ತೀರ್ಮಾನಿಸಿದೆ. ಇಳಿಸುವ ಮುಂಚೆ ನಮ್ಮ ಸ್ವಂತದ್ದನ್ನೆಲ್ಲ ಒರೆಸಬೇಕು. ಫೋಟೋ ಒರೆಸಿದೆ, ಪಾಸ್‌ವರ್ಡ್ ಒರೆಸಿದೆ, ಭಾವಮೈದುನನ ಮದುವೆಯ ಕರೆಯೋಲೆ ಸಿಕ್ಕಿತು, ಅದನ್ನೂ ಒರೆಸಿದೆ. ಎರಡು ಡಿಸ್ಕು ಕೆಟ್ಟು ಮೂರನೆಯದು ಸರಿಯಾಯಿತು. ಪೆನ್‌ಡ್ರೈವಿನಲ್ಲೂ ಮಾಡಬಹುದಿತ್ತು. ಆದರೆ ಎಸ್ಟೇಟಿನವರಿಗೆ ಆ ಬೆರಳುದ್ದದ ವಸ್ತುವಿನ ಮೇಲೆ ಗೌರವ ಬರುವುದಿಲ್ಲ. ಡಿಸ್ಕು ಗಿರ್ರೆಂದು ತಿರುಗಿದರೇ ಅವರಿಗೆ ಕೆಲಸ ನಡೆದಂತೆ. ಒಂದು ತಿಂಗಳಲ್ಲಿ ಎಂಟು ಆಫೀಸುಗಳಿಗೆ ಅದನ್ನು ಹಾಕಿ ಬಂದೆ. ಅರ್ಧ ಗಂಟೆಗೆ ಕೆಲಸ ಮುಗಿದು ನಾನು ಎದ್ದು ನಿಂತರೆ, ಕಾಫಿ ತರುತ್ತಿದ್ದವರು ಬಾಗಿಲಲ್ಲೇ ಕಕ್ಕಾಬಿಕ್ಕಿಯಾಗುತ್ತಿದ್ದರು. ನನ್ನ ಹೆಸರು ಮೇಲಕ್ಕೇರಿತು, ಸಕ್ಕರೆ ಕೆಳಗಿಳಿಯಿತು.

ಆಗ ಹೆತ್ತೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಧರ್ಮಪ್ಪನ ಫೋನು ಬಂತು. "ಸಾರ್, ಒಸಿ ಬೇಗ ಬನ್ನಿ. ಕಂಪ್ಯೂಟ್ರು ಒಳಗಿಂದ ಯಾವ್ದೋ ಹೆಂಗಸಿನ ದನಿ ಬರ್ತೈತೆ. ಮ್ಯಾನೇಜ್ರು ಕಾಫಿ ಲೋಟ ಎತ್ತಿದ್ರು, 'ರೀ, ಹನ್ನೊಂದು ಗಂಟೆ ಆಯ್ತು, ಸಕ್ರೆ ಹಾಕಿದ್ದು ಮುಟ್ಟಬ್ಯಾಡಿ' ಅಂದ್ಬುಡ್ತು. ಪಾಪ, ಲೋಟ ಕೆಳಗಿಟ್ಟು ಸುತ್ತಾ ನೋಡ್ತಾವ್ರೆ!"

ಗಿರಿಜೆ ಮಾಡಿದ ಎರಡನೆಯ ಕೆಲಸ ಇದೇ. ನಾನು ಡಿಸ್ಕು ಮಾಡುವ ಮುಂಚೆಯೇ ತನ್ನ ದನಿಯನ್ನು ರೆಕಾರ್ಡ್ ಮಾಡಿಸಿ, ದಿನಾ ಹನ್ನೊಂದಕ್ಕೆ ಮನೆಯ ಕಂಪ್ಯೂಟರ್ ನನ್ನನ್ನು ಎಚ್ಚರಿಸುವಂತೆ ನನ್ನ ಕೈಯಲ್ಲೇ ಹಾಕಿಸಿದ್ದಳು. ಎಲ್ಲವನ್ನೂ ಒರೆಸಿದವನು ಹೆಂಡತಿಯನ್ನು ಒರೆಸುವುದು ಮರೆತಿದ್ದೆ. ಎಂಟು ಆಫೀಸುಗಳಲ್ಲಿ ಎಂಟು ಗಂಡಸರಿಗೆ ಅವಳು ದಿನಾ "ರೀ" ಅನ್ನುತ್ತಿದ್ದಾಳೆ! ಇದು ಹೊರಗೆ ಬಿದ್ದರೆ ನಾನು ಕಟ್ಟಿಕೊಂಡ ಹೆಸರಿನ ಗತಿಯೇನು? ಅವಳಿಗೇ ಗೊತ್ತಾದರೆ ನನ್ನ ಗತಿಯೇನು? "ಧರ್ಮಪ್ಪ, ಅದು ನಮ್ಮ ಮನೆಯವರು" ಎಂದೆ. ಅವನು ಅದನ್ನು ಅಲ್ಲಿಂದಲೇ ಮ್ಯಾನೇಜರಿಗೂ ಕೂಗಿ ಹೇಳಿದ. ಆಮೇಲೆ, "ದನಿ ಚೆನ್ನಾಗೈತೆ ಸಾರ್" ಎಂದ.

ಆ ದನಿಯನ್ನು ತೆಗೆದುಹಾಕಲು ಪುರುಸೊತ್ತು ಮಾಡಿಕೊಂಡು ಹೆತ್ತೂರಿಗೆ ಹೋಗುವಷ್ಟರಲ್ಲಿ ಒಂದು ವಾರವಾಗಿತ್ತು. ಧರ್ಮಪ್ಪ ಕಂಪ್ಯೂಟರಿಗೆ ಅಡ್ಡ ನಿಂತ. "ತೆಗೀಬ್ಯಾಡಿ ಸಾರ್, ಮ್ಯಾನೇಜ್ರೇ ಹೇಳವ್ರೆ. ಕಾಫಿ ಹೊತ್ಗೆ ಕೆಲ್ಸದೋರ್ನ ಕರೆಯಕ್ಕೆ ಕಬ್ಬಿಣದ ಕಂಬಿ ಬಾರ್ಸೋನು ದಿನಕ್ಕೊಂದು ಟೈಮಿಗೆ ಬಾರ್ಸ್ತಿದ್ದ. ಈಗ ಸ್ಪೀಕ್ರು ಕಿಟಕಿ ಕಡೆಗೆ ತಿರುಗಿಸಿವ್ನಿ. ಅಕ್ಕೋರ ದನಿ ಕೇಳಿದ್ ಕೂಡ್ಲೆ ಕೆಲ್ಸದೋರು ತೋಟದಿಂದ ಇಳೀತಾರೆ." ನಾನು ವಾದಿಸುತ್ತಿರುವಾಗಲೇ ಕಾಫಿ ಬಂತು. ಲೋಟ ತುಟಿಗೆ ತಾಗುವುದಕ್ಕೂ ಗಿರಿಜೆ ಮಾತಾಡುವುದಕ್ಕೂ ಸರಿಹೋಯಿತು. ಆಫೀಸಿನವರೆಲ್ಲ ನನ್ನತ್ತ ತಿರುಗಿದರು. ಧರ್ಮಪ್ಪ ವಿನಯದಿಂದ ಲೋಟ ಇಸಕೊಂಡು, "ಸಾರ್‌ಗೆ ನೀರು ತನ್ರೋ" ಎಂದ.

ಇನ್ನು ಬಚ್ಚಿಟ್ಟು ಪ್ರಯೋಜನವಿಲ್ಲವೆಂದು ಮನೆಗೆ ಬಂದು ಎಲ್ಲ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಅವರೆಕಾಯಿ ಸುಲಿಯುತ್ತಾ, "ಎಲ್ಲೆಲ್ಲಿ ಐತೆ?" ಎಂದು ಕೇಳಿದಳು.

"ಹೆತ್ತೂರು ಕಡೆ ಐದು. ಕುಂದೂರಲ್ಲಿ ಮೂರು."

"ಮಗ್ಗೇಲಿ?"

"ಅಲ್ಲಿ ಇನ್ನೂ ಹಾಕಿಲ್ಲ."

ಸುಲಿಯುವ ಕೈ ನಿಂತಿತು. "ಅದಕ್ಕೇ ಅನ್ನಿ, ವಾರಕ್ಕೆ ಎರಡ್ ಸಲ ಆ ಗೊಬ್ಬರದಂಗ್ಡಿ ಕಂಪ್ಯೂಟ್ರೇ ಕೆಡ್ತೈತೆ!"

ಡಿಸ್ಕನ್ನು ಅವಳೇ ನನ್ನ ಚೀಲಕ್ಕೆ ಹಾಕಿಟ್ಟಿದ್ದಾಳೆ. ನಾಳೆ ಮಗ್ಗೆಗೆ ಹೋಗಬೇಕು. ಅವಳ ದನಿ ಬರುವುದು ಹನ್ನೊಂದಕ್ಕೆ; ನಾನು ಹತ್ತು ಗಂಟೆಗೇ ತಲುಪುವ ಹಾಗೆ ಹೊರಡುತ್ತೇನೆ.